ರಾಗಿ ಮುದ್ದೆ, ಹಲಸು, ಹುಳಿ ಹಿಡಿದ ಜೋಳ: ಗೆಂಡೆ ಮೀನಿಗೆ ಬೇರೆ ಥರದ ಎರೆ – ಪದೇ ಪದೇ ಕೇಳುವ ಪ್ರಶ್ನೆಗಳು

ಎರೆಹುಳು, ಮೈದಾ ಉಂಡೆ ಬಿಟ್ಟು ಗಾಳಕ್ಕೆ ಇನ್ನೇನು ಸಿಕ್ಕಿಸಬಹುದು? ಕೆರೆ ಏರಿಯ ಮೇಲೆ ಕೂರುವವರು ಹೆಚ್ಚಾಗಿ ಕೇಳುವುದು ಇದನ್ನೇ. ಅಂಥ ಪ್ರಶ್ನೆಗಳಿಗೆಲ್ಲ ಇಲ್ಲಿ ಒಂದೇ ಕಡೆ ಉತ್ತರ ಕೊಟ್ಟಿದ್ದೇನೆ. ಇಲ್ಲಿರುವುದು ಬಹುಪಾಲು ನಮ್ಮ ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ ಸಿಗುವ ಸಾಮಾನು. ದುಬಾರಿ ಡಬ್ಬಿ ಎರೆಗಳ ಬಗ್ಗೆ ಬರೆದಿಲ್ಲ, ಅವುಗಳ ಅಗತ್ಯ ನನಗೆ ಕಂಡಿಲ್ಲ.

ಗೆಂಡೆ ಎಂದರೆ ಯಾವ ಮೀನು? ಎಲ್ಲದಕ್ಕೂ ಒಂದೇ ಎರೆ ಸಾಕಾ?

ಗೆಂಡೆ ಎಂದರೆ ಇಂಗ್ಲಿಷಿನಲ್ಲಿ ಕಾರ್ಪ್ ಎನ್ನುವ ಮೀನುಗಳು. ಎಲ್ಲದಕ್ಕೂ ಒಂದೇ ಎರೆ ಸಾಲದು. ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಬಿತ್ತನೆ ಮಾಡುವುದು ಕಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲು ಗೆಂಡೆ ಮತ್ತು ಬೆಳ್ಳಿ ಗೆಂಡೆ. ಎಲ್ಲವೂ ಒಂದೇ ಕುಟುಂಬದವು, ಆದರೆ ಊಟದ ಜಾಗ ಬೇರೆ ಬೇರೆ. ಬಾಯಿ ನೋಡಿದರೆ ಗೊತ್ತಾಗುತ್ತದೆ. ಕಟ್ಲಾದ ಬಾಯಿ ಮೇಲಕ್ಕೆ ತಿರುಗಿದೆ, ಮೀಸೆಯಿಲ್ಲ. ಅದು ನೀರಿನ ಮೇಲ್ಪದರದಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುನೀರಿನ ಮೀನು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರನ್ನು ಕೆದಕುತ್ತವೆ. ಸಾಮಾನ್ಯ ಗೆಂಡೆಗೆ ಎರಡು ಜೊತೆ ಮೀಸೆ ಇದೆ, ಅದರಿಂದ ಮುಟ್ಟಿ ರುಚಿ ನೋಡುತ್ತದೆ. ಹುಲ್ಲು ಗೆಂಡೆ ಹೆಸರಿಗೆ ತಕ್ಕಂತೆ ಸೊಪ್ಪುಸದೆ ತಿನ್ನುತ್ತದೆ. ಬೆಳ್ಳಿ ಗೆಂಡೆ ಪಾಚಿಯ ಕಣಗಳನ್ನು ಸೋಸಿಕೊಂಡು ಬದುಕುತ್ತದೆ. ಗಾಳಕ್ಕೆ ಅದು ಸಿಗುವುದು ಅಪರೂಪ, ಅದಕ್ಕಾಗಿ ದಿನ ಕಳೆಯಬೇಡಿ.

ಇವುಗಳಲ್ಲಿ ಯಾವುದೂ ಮೂಲದಲ್ಲಿ ನಮ್ಮ ಕಾವೇರಿಯದಲ್ಲ. ಕಟ್ಲಾ, ರೋಹು, ಮೃಗಾಲ್ ಗಂಗೆಯ ಕಡೆಯಿಂದ ಬಂದವು. ಸಾಮಾನ್ಯ ಗೆಂಡೆ 1939ರಲ್ಲಿ ಶ್ರೀಲಂಕಾದಿಂದ ನೀಲಗಿರಿಗೆ ಬಂತು, 1957ರಲ್ಲಿ ಅದರ ಇನ್ನೊಂದು ತಳಿ ಬ್ಯಾಂಕಾಕ್‌ನಿಂದ ಬಂತು. ಬಂದ ಕಡೆಯಲ್ಲೆಲ್ಲ ಅಲ್ಲಿಯ ಊಟವನ್ನು ಕಲಿತುಕೊಂಡ ಮೀನು ಇದು. ಅದಕ್ಕೇ ವಿಚಿತ್ರ ಎರೆಗಳೆಲ್ಲ ಇದಕ್ಕೆ ನಡೆಯುತ್ತವೆ.

ಎರೆಹುಳುವಿಗೆ ಚೆನ್ನಾಗಿ ಕಚ್ಚುತ್ತದಲ್ಲ, ಮತ್ತೆ ಬೇರೆ ಎರೆ ಯಾಕೆ?

ಎರಡು ಕಾರಣ. ಮೊದಲನೆಯದು ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಜಿಲೇಬಿ ತುಂಬಿರುವ ಕೆರೆಯಲ್ಲಿ ಎರೆಹುಳು ಹಾಕಿದರೆ ದಾರಕ್ಕೆ ಕಟ್ಟಿದ ತೇಲುವ ಬೆಂಡು ಕುಣಿಯುತ್ತಲೇ ಇರುತ್ತದೆ, ಗೆಂಡೆ ಹತ್ತಿರ ಬರುವಷ್ಟರಲ್ಲಿ ಗಾಳ ಖಾಲಿ. ಮೆತ್ತಗಿನ ಮೈದಾ ಉಂಡೆಗೂ ಅದೇ ಗತಿ. ಸಣ್ಣ ಬಾಯಿಗೆ ಒಡೆಯಲಾಗದ ಗಟ್ಟಿ ಎರೆ ಹಾಕಿದರೆ ಜಿಲೇಬಿ ಮುಟ್ಟಿ ಬಿಟ್ಟುಬಿಡುತ್ತದೆ, ಗೆಂಡೆ ಬಂದು ಎತ್ತುತ್ತದೆ. ಗೆಂಡೆಯ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಬಸವನಹುಳುವಿನ ಚಿಪ್ಪನ್ನೇ ಪುಡಿ ಮಾಡುವ ಹಲ್ಲು ಅದು. ಬೇಯಿಸಿದ ಕಡಲೆಕಾಳು ಅದಕ್ಕೆ ಏನೂ ಅಲ್ಲ.

ಎರಡನೆಯದು ಮೀನಿನ ನೆನಪು. ನೆದರ್‌ಲ್ಯಾಂಡ್ಸ್‌ನ ಬ್ಯೂಕೆಮಾ ಎಂಬ ಜೀವಶಾಸ್ತ್ರಜ್ಞರು ಕೊಳದಲ್ಲಿ ಗೆಂಡೆಗಳನ್ನು ಬಿಟ್ಟು, ಗಾಳ ಹಾಕಿ, ಹಿಡಿದು, ಮತ್ತೆ ಬಿಟ್ಟು ನೋಡಿದರು. ಒಮ್ಮೆ ಗಾಳಕ್ಕೆ ಸಿಕ್ಕಿದ ಗೆಂಡೆ ಎರಡನೇ ಸಲ ಸಿಗುವುದು ಬಹಳ ಕಷ್ಟ, ಆ ಎಚ್ಚರ ಮರುವರ್ಷದವರೆಗೂ ಉಳಿಯುತ್ತದೆ ಎಂದು 1970ರಲ್ಲಿ ಪ್ರಕಟಿಸಿದರು. ಹಾಗಾಗಿ ಎಲ್ಲರೂ ಎರೆಹುಳು ಹಾಕುವ ಕೆರೆಯಲ್ಲಿ ದೊಡ್ಡ ಮೀನುಗಳು ಎರೆಹುಳು ಕಂಡರೆ ಅನುಮಾನ ಪಡುತ್ತವೆ. ಯಾರೂ ಹಾಕದೇ ಇರುವುದನ್ನು ಹಾಕಿದರೆ ಆ ಅನುಮಾನ ಇರುವುದಿಲ್ಲ.

ಯಾವ ಎರೆ ನಡೆಯುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಗಾಳ ಬಿಚ್ಚುವ ಮೊದಲು ಕೆರೆಯನ್ನು ಒಂದು ಸುತ್ತು ಹಾಕಿ. ಆ ನೀರಿಗೆ ದಿನಾ ಏನು ಬೀಳುತ್ತಿದೆ ನೋಡಿ.

ದೇವಸ್ಥಾನದ ಪಕ್ಕದ ಕೆರೆಯಾ? ಹಾಗಿದ್ದರೆ ಮಂಡಕ್ಕಿ, ಬಾಳೆಹಣ್ಣು, ತೆಂಗಿನಕಾಯಿ ಚೂರು ಬೀಳುತ್ತಿರುತ್ತದೆ. ಪಕ್ಕದಲ್ಲಿ ದನದ ಕೊಟ್ಟಿಗೆ ಇದ್ದರೆ ಬೂಸಾ, ಹಿಂಡಿ ತೊಳೆದ ನೀರು ಹರಿದು ಬರುತ್ತದೆ. ಹೆಂಗಸರು ಪಾತ್ರೆ ತೊಳೆಯುವ ಮೆಟ್ಟಿಲು ಇದ್ದರೆ ಅಲ್ಲಿ ಅನ್ನದ ಅಗುಳು, ಮುದ್ದೆಯ ಸೀಕು. ವಾಕಿಂಗ್ ಬರುವವರು ಬ್ರೆಡ್ಡು, ಬಿಸ್ಕತ್ತು ಎಸೆಯುವ ಜಾಗ ನಗರದ ಕೆರೆಗಳಲ್ಲಿ ಇದ್ದೇ ಇರುತ್ತದೆ. ದಡದಲ್ಲಿ ಅತ್ತಿ ಮರ, ನೇರಳೆ ಮರ ಇದ್ದರೆ ಹಣ್ಣಿನ ಕಾಲದಲ್ಲಿ ಮೀನು ಅದರ ಕೆಳಗೇ ಇರುತ್ತದೆ. ಮೀನು ಸಾಕುವವರು ಕೆರೆ ಹಿಡಿದಿದ್ದರೆ ಅವರು ಕೊಡುವುದು ತೌಡು ಮತ್ತು ಕಡಲೆಕಾಯಿ ಹಿಂಡಿ, ಮೀನಿನ ಬಾಯಿಗೆ ಆ ರುಚಿ ಹತ್ತಿರುತ್ತದೆ.

ಗಾಳ ಹಿಡಿದವರಿಗೆ ಹೊಸದು, ಮೀನಿಗೆ ಹಳೆಯದು. ಅಂಥ ಎರೆ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ. ಸುಮ್ನೆ ಯಾರೋ ಹೇಳಿದರೆಂದು ಚಾಕೊಲೇಟ್ ಕಟ್ಟುವುದಕ್ಕಿಂತ ಹತ್ತು ನಿಮಿಷ ದಡದಲ್ಲಿ ನಡೆದಾಡಿ ನೋಡುವುದು ಜಾಸ್ತಿ ಫಲ ಕೊಡುತ್ತದೆ.

ರಾಗಿ ಮುದ್ದೆ ನಿಜವಾಗಿಯೂ ಎರೆಯಾಗಿ ನಡೆಯುತ್ತದಾ?

ನಡೆಯುತ್ತದೆ. ಈ ವಿಷಯದಲ್ಲಿ ನಾವು ಹೆಮ್ಮೆ ಪಡಬಹುದು. ಕಾವೇರಿಯ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಕಡೆ ಹಿಂದೆ ದೇಶವಿದೇಶದವರು ಮಹಶೀರ್ ಹಿಡಿಯಲು ಬರುತ್ತಿದ್ದರು. ಅವರ ರಾಡು, ರೀಲು ಹೊರದೇಶದ್ದು. ಗಾಳದ ತುದಿಯಲ್ಲಿ ಇರುತ್ತಿದ್ದದ್ದು ಸ್ಥಳೀಯರು ಮಾಡಿಕೊಟ್ಟ ರಾಗಿ ಉಂಡೆ, ನಿಂಬೆಹಣ್ಣಿನ ಗಾತ್ರದಿಂದ ಹಿಡಿದು ಕಿತ್ತಳೆ ಗಾತ್ರದವರೆಗೆ. ಮಹಶೀರ್ ಕೂಡ ಗೆಂಡೆಯ ಕುಟುಂಬದ್ದೇ. ಈಗ ಆ ಭಾಗ ಕಾವೇರಿ ವನ್ಯಜೀವಿ ಧಾಮದೊಳಗಿದೆ, ಅಲ್ಲಿ ಗಾಳ ಹಾಕುವಂತಿಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್‌ನ ಹೆಸರು ಟಾರ್ ರೆಮಾದೇವಿಯೈ ಎಂದು 2018ರಲ್ಲಿ ಖಚಿತವಾಯಿತು, ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಅತ್ಯಂತ ಅಪಾಯದ ವರ್ಗಕ್ಕೆ ಸೇರಿತು. ಹಾಗಾಗಿ ಆ ರಾಗಿ ಉಂಡೆಯನ್ನು ನಮ್ಮ ಕೆರೆಯ ಗೆಂಡೆಗೆ ಬಳಸೋಣ, ಮಹಶೀರ್ ಅನ್ನು ಅದರ ಪಾಡಿಗೆ ಬಿಡೋಣ.

ಊಟಕ್ಕೆ ಮಾಡುವ ಮುದ್ದೆ ಎರೆಗೆ ತೀರಾ ಮೆತ್ತಗಾಗುತ್ತದೆ. ರಾಗಿಯಲ್ಲಿ ಗೋಧಿಯಂಥ ಅಂಟು ಇಲ್ಲ, ಹಿಟ್ಟನ್ನು ಬರೀ ತಣ್ಣೀರಲ್ಲಿ ಕಲಸಿದರೆ ನೀರಿಗೆ ಬಿದ್ದ ಕೂಡಲೇ ಪುಡಿಯಾಗುತ್ತದೆ. ಬೇಯಿಸಿದಾಗ ಮಾತ್ರ ಕಟ್ಟಿಕೊಳ್ಳುತ್ತದೆ. ನಾನು ಮಾಡುವುದು ಹೀಗೆ. ನಾಲ್ಕು ಪಾಲು ರಾಗಿ ಹಿಟ್ಟಿಗೆ ಒಂದು ಪಾಲು ಗೋಧಿ ಹಿಟ್ಟು ಬೆರೆಸಿ. ನೀರು ಕುದಿಸಿ, ಸ್ವಲ್ಪ ಬೆಲ್ಲ ಹಾಕಿ, ಹಿಟ್ಟು ಸುರಿದು ಗಟ್ಟಿಯಾಗಿ ತೊಳಸಿ. ಊಟದ ಮುದ್ದೆಗಿಂತ ನೀರು ಕಡಿಮೆ ಇರಲಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ಗಂಟಿಲ್ಲದಂತೆ ನಾದಿ. ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಕುದಿಯುವ ನೀರಿಗೆ ಹಾಕಿ ಎರಡು ಮೂರು ನಿಮಿಷ ಬಿಟ್ಟು ತೆಗೆಯಿರಿ. ಬಟ್ಟೆಯ ಮೇಲೆ ಹರಡಿ ರಾತ್ರಿಯಿಡೀ ಒಣಗಲು ಬಿಡಿ. ಬೆಳಿಗ್ಗೆ ಉಂಡೆಯ ಹೊರಮೈ ಚರ್ಮದಂತೆ ಬಿಗಿಯಾಗಿರುತ್ತದೆ, ಒಳಗೆ ಮೆತ್ತಗಿರುತ್ತದೆ. ಎರೆ ಹೀಗಿದ್ದರೆ ನೀರಲ್ಲಿ ತುಂಬ ಹೊತ್ತು ನಿಲ್ಲುತ್ತದೆ.

ಇಷ್ಟೆಲ್ಲ ಮಾಡಲು ಪುರುಸೊತ್ತು ಇಲ್ಲವೆಂದರೆ ತಂಗಳು ಮುದ್ದೆ ಸಾಕು. ರಾತ್ರಿ ಉಳಿದದ್ದು ಬೆಳಿಗ್ಗೆಗೆ ತಾನಾಗಿಯೇ ಗಟ್ಟಿಯಾಗಿರುತ್ತದೆ. ಉಪ್ಪು, ಸಾರು ತಾಗದ್ದನ್ನು ಎತ್ತಿಟ್ಟುಕೊಳ್ಳಿ.

ಮೊಟ್ಟೆ ಹಾಕಿ ಬೇಯಿಸಿದ ಉಂಡೆ ಮನೆಯಲ್ಲಿ ಮಾಡಬಹುದಾ?

ಖಂಡಿತ. ಇಂಗ್ಲೆಂಡಿನವರು ಬಾಯ್ಲಿ ಎಂದು ಕರೆಯುವುದು ಇದನ್ನೇ. ಮೊಟ್ಟೆ ಬೆಂದಾಗ ಗಟ್ಟಿಯಾಗಿ ಹಿಟ್ಟನ್ನೆಲ್ಲ ಹಿಡಿದಿಡುತ್ತದೆ, ಸಣ್ಣ ಮೀನು ಒಡೆಯಲಾರದು. ಚಿರೋಟಿ ರವೆ ಮತ್ತು ಹುರಿಗಡಲೆ ಹಿಟ್ಟನ್ನು ಸಮ ತೆಗೆದುಕೊಂಡು, ಸ್ವಲ್ಪ ಕಡಲೆಕಾಯಿ ಹಿಂಡಿ ಪುಡಿ ಸೇರಿಸಿ. ಮೊಟ್ಟೆ ಒಡೆದು ಹಾಕುತ್ತ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ. ನೀರು ಬೇಡ. ಗೋಲಿ ಗಾತ್ರದ ಉಂಡೆ ಮಾಡಿ ಕುದಿಯುವ ನೀರಲ್ಲಿ ಒಂದೆರಡು ನಿಮಿಷ ಬೇಯಿಸಿ. ಜಾಸ್ತಿ ಬೇಯಿಸಿದರೆ ಪರಿಮಳವೆಲ್ಲ ನೀರಿಗೆ ಹೋಗುತ್ತದೆ. ನೆರಳಲ್ಲಿ ಒಂದು ದಿನ ಒಣಗಿಸಿ, ಉಳಿದದ್ದನ್ನು ಫ್ರೀಜರಿನಲ್ಲಿ ಇಡಿ. ನಮ್ಮ ಸೆಕೆಗೆ ಹೊರಗಿಟ್ಟರೆ ಬೂಷ್ಟು ಬರುತ್ತದೆ.

ಕಡಲೆಕಾಳು, ಬಟಾಣಿ, ಜೋಳ ಹಾಗೆಯೇ ಹಾಕಬಹುದಾ?

ಹಸಿಯಾಗಿ ಹಾಕಲೇಬೇಡಿ. ಒಣಕಾಳು ನೀರು ಕುಡಿದು ಊದುತ್ತದೆ. ಗೆಂಡೆಗೆ ನಮ್ಮಂತೆ ಜಠರ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಅಲ್ಲಿ ಕಾಳು ಊದಿಕೊಂಡರೆ ಮೀನಿಗೆ ಹಿಂಸೆ, ಸಾಯಲೂಬಹುದು. ಗಾಳಕ್ಕೆ ಸಿಗದ ಮೀನೂ ನೀವು ಚೆಲ್ಲಿದ್ದನ್ನು ತಿನ್ನುತ್ತದೆ ಅಲ್ವಾ? ಅದರ ಜವಾಬ್ದಾರಿಯೂ ನಮ್ಮದೇ.

ಕಾಳನ್ನು ರಾತ್ರಿಯಿಡೀ ನೆನೆಸಿ, ಉಗುರಿನಲ್ಲಿ ಒತ್ತಿದರೆ ಒಳಗೆ ಹೋಗುವಷ್ಟು ಬೇಯಿಸಿ. ಕುಕ್ಕರ್‌ನಲ್ಲಿ ಕರಗುವಷ್ಟು ಬೇಯಿಸಿದರೆ ಗಾಳದಲ್ಲಿ ನಿಲ್ಲುವುದಿಲ್ಲ. ಉಸ್ಲಿಗೆ ಬೇಯಿಸುವ ಹದಕ್ಕಿಂತ ತುಸು ಗಟ್ಟಿ ಇರಲಿ. ರಾಜ್ಮಾ ಕಾಳನ್ನು ಮಾತ್ರ ಪೂರ್ತಿ ಕುದಿಸಬೇಕು, ಹಸಿ ರಾಜ್ಮಾದಲ್ಲಿ ವಿಷವಿದೆ. ನಾನಂತೂ ಅದನ್ನು ಎರೆಗೆ ತೆಗೆದುಕೊಳ್ಳುವುದೇ ಇಲ್ಲ, ಕಡಲೆ ಇರುವಾಗ ಅದು ಯಾಕೆ?

ಎಲ್ಲಕ್ಕಿಂತ ಸುಲಭದ್ದು ಸಿಹಿ ಮುಸುಕಿನ ಜೋಳ. ಕೆರೆಯ ಹತ್ತಿರ ಬೇಯಿಸಿ ಮಾರುವ ತೆನೆ ಕೊಂಡು ಕಾಳು ಬಿಡಿಸಿಕೊಂಡರೂ ಆಯಿತು, ಉಪ್ಪುಖಾರ ಹಚ್ಚದಂತೆ ಹೇಳಿ. 1980ರಲ್ಲಿ ಇಂಗ್ಲೆಂಡಿನ ರೆಡ್‌ಮೈರ್ ಎಂಬ ಪುಟ್ಟ ಕೊಳದಲ್ಲಿ ಕ್ರಿಸ್ ಯೇಟ್ಸ್ ಎಂಬವರು ಐವತ್ತೊಂದೂವರೆ ಪೌಂಡಿನ, ಅಂದರೆ 23 ಕಿಲೋ ದಾಟಿದ ಗೆಂಡೆ ಹಿಡಿದರು. ಆ ಕಾಲಕ್ಕೆ ಆ ದೇಶದಲ್ಲಿ ಅಷ್ಟು ದೊಡ್ಡದು ಯಾರೂ ಹಿಡಿದಿರಲಿಲ್ಲ. ಎರೆ ಈ ಸಿಹಿ ಜೋಳದ ಕಾಳೇ. ಅದೇ ಕೊಳದಲ್ಲಿ 1952ರಲ್ಲಿ ರಿಚರ್ಡ್ ವಾಕರ್ ಹಿಡಿದ 44 ಪೌಂಡಿನ ಗೆಂಡೆಗೆ ಎರೆಯಾದದ್ದು ಬ್ರೆಡ್ಡು. ಇಬ್ಬರೂ ಅಡುಗೆಮನೆಯಿಂದಲೇ ಎರೆ ತಂದವರು.

ಹುಳಿ ಹಿಡಿದ, ವಾಸನೆ ಬಂದ ಎರೆ ಒಳ್ಳೆಯದು ಅನ್ನುತ್ತಾರೆ. ನಿಜವಾ?

ಬಹಳ ಮಟ್ಟಿಗೆ ನಿಜ. ಕಾಳು ಹುಳಿ ಬಂದಾಗ ಅದರೊಳಗಿನ ಪಿಷ್ಟ, ಪ್ರೋಟೀನು ಒಡೆದು ನೀರಲ್ಲಿ ಕರಗುವ ಸಣ್ಣ ಅಂಶಗಳಾಗುತ್ತವೆ. ಗೆಂಡೆ ನೀರಿನಲ್ಲಿ ಗುರುತಿಸುವುದು ಇಂಥ ಕರಗುವ ಅಂಶಗಳನ್ನೇ, ಅದರಲ್ಲೂ ಅಮೈನೋ ಆಮ್ಲಗಳನ್ನು. ಮಣ್ಣು ಕದಡಿದ ಕೆಂಪು ನೀರಲ್ಲಿ ಕಣ್ಣು ಕೆಲಸ ಮಾಡದಾಗ ಮೀನು ದಾರಿ ಹುಡುಕುವುದು ಇದರಿಂದ.

ಮುಸುಕಿನ ಜೋಳವನ್ನು ನೆನೆಸಿ ಬೇಯಿಸಿ, ಬೆಂದ ನೀರಿನ ಜೊತೆಗೇ ಡಬ್ಬಿಯಲ್ಲಿ ಎರಡು ಮೂರು ದಿನ ಬಿಡಿ. ಮುಚ್ಚಳ ಬಿಗಿ ಮಾಡಬೇಡಿ, ಗಾಳಿ ತುಂಬಿ ಸಿಡಿಯಬಹುದು. ಹುಳಿ ವಾಸನೆ ಬರುತ್ತದೆ, ನೀರು ಲೋಳೆಯಾಗುತ್ತದೆ. ಆ ನೀರನ್ನು ಚೆಲ್ಲದೆ ತೌಡು ಕಲಸಲು ಬಳಸಿ. ಉಳಿದ ಇಡ್ಲಿ ಹಿಟ್ಟು ಹುಳಿ ಬಂದಿದ್ದರೆ ಅದನ್ನೂ ತೌಡಿಗೆ ಸೇರಿಸಬಹುದು.

ಆದರೆ ಹುಳಿ ಬೇರೆ, ಕೊಳೆತದ್ದು ಬೇರೆ. ಬೂಷ್ಟು ಬಂದ ಕಡಲೆಕಾಯಿ, ಹಳೆಯ ಕಪ್ಪಾದ ಹಿಂಡಿ ಬೇಡ. ಆ ಬೂಷ್ಟಿನಲ್ಲಿ ವಿಷವಿರುತ್ತದೆ, ದನಕ್ಕೆ ಹಾಕದ್ದನ್ನು ಮೀನಿಗೂ ಹಾಕಬಾರದು.

ಹಣ್ಣು ಕಟ್ಟಿದರೆ ಕಚ್ಚುತ್ತದಾ?

ದಡದಲ್ಲಿ ಹಣ್ಣಿನ ಮರ ಇದ್ದರೆ ಮಳೆಗಾಲದ ಮುಂಚೆ ಇದಕ್ಕಿಂತ ಸುಲಭದ ಎರೆ ಇಲ್ಲ. ಹಲಸಿನ ತೊಳೆಯ ವಾಸನೆ ನೀರಲ್ಲೂ ಚೆನ್ನಾಗಿ ಹರಡುತ್ತದೆ. ತುಂಬ ಹಣ್ಣಾದ ತೊಳೆ ಗಾಳದಲ್ಲಿ ನಿಲ್ಲದು, ಬಕ್ಕೆ ಹಲಸಿನ ಗಟ್ಟಿ ತೊಳೆ ಆರಿಸಿ ಸಣ್ಣ ಚೌಕಗಳಾಗಿ ಕತ್ತರಿಸಿ. ಬೀಜವನ್ನೂ ಬಿಸಾಡಬೇಡಿ, ಬೇಯಿಸಿ ಹೋಳು ಮಾಡಿದರೆ ಅದೂ ಎರೆ. ಬಾಳೆಹಣ್ಣನ್ನು ಒಂಟಿಯಾಗಿ ಕಟ್ಟಿದರೆ ಉದುರಿಹೋಗುತ್ತದೆ. ಅದನ್ನು ಹಿಸುಕಿ ಗೋಧಿ ಹಿಟ್ಟಿನ ಜೊತೆ ಕಲಸಿ. ಅತ್ತಿಹಣ್ಣನ್ನು ಮರದ ಕೆಳಗೇ ಇಡಿಯಾಗಿ ಹಾಕಿ, ಸೀಸದ ಗುಂಡು ಇಲ್ಲದೆ, ತಾನಾಗಿ ಬಿದ್ದಂತೆ.

ಇಂಗು, ಸೋಂಪು, ಏಲಕ್ಕಿ ಸೇರಿಸಿದರೆ ಏನಾದರೂ ಉಪಯೋಗ ಇದೆಯಾ?

ಇದೆ, ಕಡಿಮೆ ಹಾಕಿದರೆ. ಬಂಗಾಳದವರು ಇದರಲ್ಲಿ ಪಳಗಿದ ಜನ. ರೋಹು, ಕಟ್ಲಾಕ್ಕೆ ಅವರು ಮಾಡುವ ಮೇವಿನಲ್ಲಿ ಹುರಿದ ಮೆಂತ್ಯ, ಸಾಸಿವೆ ಹಿಂಡಿ, ಏಕಾಂಗಿ ಎಂಬ ಸುವಾಸನೆಯ ಗಡ್ಡೆ ಎಲ್ಲ ಇರುತ್ತದೆ. ಗಾಳಕ್ಕೆ ಅವರ ಮೆಚ್ಚಿನ ಎರೆ ಕೆಂಪಿರುವೆಯ ಮೊಟ್ಟೆ. ಮಲೆನಾಡಿನಲ್ಲಿ ಚಟ್ನಿ ಮಾಡುವ ಚಗಳಿ ಇರುವೆಯೇ ಅದು. ಅದರ ಬಿಳಿ ಮೊಟ್ಟೆ, ಮರಿಗಳನ್ನು ಹಿಟ್ಟಿನ ಜೊತೆ ಮೆತ್ತಗೆ ಸೇರಿಸಿ ಕಟ್ಟಿದರೆ ರೋಹು ಬಿಡುವುದೇ ಇಲ್ಲ. ಇರುವೆ ಗೂಡು ಇಳಿಸುವುದು ನೋವಿನ ಕೆಲಸ, ಅಭ್ಯಾಸ ಇದ್ದವರೇ ಮಾಡಲಿ.

ನಮ್ಮ ಮಸಾಲೆ ಡಬ್ಬಿಯಿಂದ ನಾನು ಮೊದಲು ಆರಿಸುವುದು ಹುರಿದು ಪುಡಿ ಮಾಡಿದ ಮೆಂತ್ಯ, ಆಮೇಲೆ ಸೋಂಪು. ಒಂದು ಹಿಡಿ ಹಿಟ್ಟಿಗೆ ಒಂದು ಚಿಟಿಕೆ. ಇಂಗು ಇನ್ನೂ ಕಡಿಮೆ. ಮೀನಿನ ಮೂಗು ನಮ್ಮದಕ್ಕಿಂತ ಬಹಳ ಚುರುಕು, ನಮಗೆ ಘಂ ಎನ್ನುವಷ್ಟು ಹಾಕಿದರೆ ಅದಕ್ಕೆ ಅತಿಯಾಗುತ್ತದೆ. ಸೀಮೆಎಣ್ಣೆ, ಸೆಂಟು ಹಚ್ಚುವವರೂ ಇದ್ದಾರೆ. ದಯವಿಟ್ಟು ಬೇಡ, ಅದು ದನ ಕುಡಿಯುವ ನೀರು.

ಕಟ್ಲಾ ಮಾತ್ರ ಯಾವುದಕ್ಕೂ ಕಚ್ಚುವುದಿಲ್ಲ. ಏನು ಮಾಡಲಿ?

ಕಟ್ಲಾ ಕಚ್ಚುವುದಕ್ಕಿಂತ ಹೀರುವುದು ಜಾಸ್ತಿ. ಗಟ್ಟಿ ಉಂಡೆ ಅದಕ್ಕೆ ಊಟವೆಂದೇ ಅನಿಸುವುದಿಲ್ಲ. ನೀರಲ್ಲಿ ಮೋಡದ ಹಾಗೆ ಹರಡುವ ಪುಡಿ ಬೇಕು. ಸಣ್ಣಗೆ ಜರಡಿ ಹಿಡಿದ ತೌಡು, ಕಡಲೆಕಾಯಿ ಹಿಂಡಿ ಪುಡಿ, ಸ್ವಲ್ಪ ಹುರಿಗಡಲೆ ಹಿಟ್ಟು ಸೇರಿಸಿ, ಕೈಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಇದನ್ನು ದಾರಕ್ಕೆ ಕಟ್ಟಿದ ತಂತಿ ಸ್ಪ್ರಿಂಗಿನ ಸುತ್ತ ಮೆತ್ತಿ, ಪಕ್ಕದಲ್ಲಿ ಗಾಳ ಇಳಿಬಿಟ್ಟು, ಬೆಂಡು ಕಟ್ಟಿ ನಡುನೀರಿನಲ್ಲಿ ಅಥವಾ ಅದಕ್ಕೂ ಮೇಲೆ ನಿಲ್ಲಿಸಿ. ಪುಡಿ ಹೀರುವಾಗ ಗಾಳವೂ ಬಾಯೊಳಗೆ ಹೋಗುತ್ತದೆ.

ಕೆಲವರು ಒಂದೇ ಸ್ಪ್ರಿಂಗಿಗೆ ಆರೇಳು ಗಾಳ ಕಟ್ಟುತ್ತಾರೆ. ಅದು ಮೀನಿನ ಕಣ್ಣಿಗೆ, ಕಿವಿರಿಗೆ ಚುಚ್ಚುತ್ತದೆ. ಒಂದು, ಹೆಚ್ಚೆಂದರೆ ಎರಡು ಸಾಕು.

ಹುಲ್ಲು ಗೆಂಡೆಗೆ?

ಹುಲ್ಲೇ. ಸಾಕುವವರು ಅದಕ್ಕೆ ನೇಪಿಯರ್ ಹುಲ್ಲು, ಬಾಳೆ ಎಲೆ ಕತ್ತರಿಸಿ ಹಾಕುತ್ತಾರೆ. ಎಳೆಯ ಹುಲ್ಲಿನ ಎಸಳನ್ನು ಮಡಚಿ ಗಾಳಕ್ಕೆ ಸುತ್ತಿ ತೇಲಿಬಿಡಿ.

ತೇಲುವ ಎರೆ ಯಾವಾಗ ಬಳಸಬೇಕು?

ಬಿಸಿಲು ಏರಿದ ಮೇಲೆ ಗೆಂಡೆಗಳು ಮೇಲೆ ಬಂದು ನಿಧಾನಕ್ಕೆ ಸುತ್ತುವುದು ಕಂಡರೆ ತಳದಲ್ಲಿ ಎರೆ ಇಟ್ಟು ಕಾಯುವುದು ವ್ಯರ್ಥ. ಬ್ರೆಡ್ಡಿನ ಅಂಚು, ಉಪ್ಪಿಲ್ಲದ ಪಾಪ್‌ಕಾರ್ನ್ ಒಳ್ಳೆಯದು. ಮೊದಲು ಒಂದು ಹಿಡಿ ಮಂಡಕ್ಕಿಯನ್ನು ಗಾಳಿ ಬೀಸುವ ಕಡೆಗೆ ತೇಲಿಬಿಟ್ಟು, ಮೀನು ಬಾಯಿ ಹಾಕುವವರೆಗೆ ಕಾಯಿರಿ, ಆಮೇಲೆ ಗಾಳ ಬಿಡಿ. ಮಂಡಕ್ಕಿಯನ್ನೇ ಗಾಳಕ್ಕೆ ಸಿಕ್ಕಿಸಲು ಹೋದರೆ ಒದ್ದೆಯಾಗಿ ಉದುರುತ್ತದೆ.

ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟಿರುವುದು. ಕೊಳಚೆ ಸೇರಿದ, ಪಾಚಿ ತುಂಬಿದ ಕೆರೆಯಲ್ಲಿ ರಾತ್ರಿಯಿಡೀ ಆಮ್ಲಜನಕ ಇಳಿಯುತ್ತದೆ, ಬೆಳಗಿನ ಜಾವಕ್ಕೆ ತೀರಾ ಕಡಿಮೆಯಾಗಿರುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ನೆನಪಿರಬಹುದು. ಅಂಥ ನೀರಲ್ಲಿ ಆ ದಿನ ಗಾಳ ಹಾಕಬೇಡಿ, ಮೇವೂ ಚೆಲ್ಲಬೇಡಿ. ಕೆರೆ ನೋಡಿಕೊಳ್ಳುವವರಿಗೆ ತಿಳಿಸಿ.

ಗಟ್ಟಿ ಕಾಳನ್ನು ಚುಚ್ಚಿದರೆ ಗಾಳದ ಮೊನೆ ಮುಚ್ಚಿಹೋಗುತ್ತದೆ. ಪರಿಹಾರ?

ಎರೆಯನ್ನು ಗಾಳಕ್ಕೆ ಚುಚ್ಚಲೇಬೇಡಿ, ಪಕ್ಕದಲ್ಲಿ ನೇತುಹಾಕಿ. ಗಾಳದ ಬಾಗಿನಿಂದ ಒಂದು ಸೆಂಟಿಮೀಟರಿನಷ್ಟು ತೆಳು ದಾರ ಇಳಿಬಿಟ್ಟು, ಅದರ ತುದಿಯಲ್ಲಿ ಕಾಳು ಪೋಣಿಸಿ, ಹುಲ್ಲುಕಡ್ಡಿಯ ಚೂರಿನಿಂದ ತಡೆ ಕೊಡಿ. ಕಾಳು ಪೋಣಿಸಲು ಹೊಲಿಗೆ ಸೂಜಿ ಸಾಕು. ಗೆಂಡೆ ಊಟವನ್ನು ಹೀರಿ, ಬಾಯಲ್ಲಿ ಪರೀಕ್ಷಿಸಿ, ಬೇಡವೆನಿಸಿದರೆ ಉಗುಳುತ್ತದೆ. ಬರಿ ಗಾಳ ಆ ಉಗುಳುವ ಹೊತ್ತಿಗೆ ಕೆಳತುಟಿಗೆ ಸಿಕ್ಕಿಕೊಳ್ಳುತ್ತದೆ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಲೆನ್ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಇದನ್ನು ರೂಪಿಸಿದರು. ಮೊದಲು ಬಳಸಿದ್ದು ತಲೆಗೂದಲು, ಅದಕ್ಕೇ ಹೇರ್ ರಿಗ್ ಎಂಬ ಹೆಸರು. ಇದರಲ್ಲಿ ಮೀನು ಗಾಳ ನುಂಗುವುದು ಕಡಿಮೆ, ತುಟಿಯಿಂದ ಬಿಡಿಸುವುದೂ ಸುಲಭ. ಬೇಯಿಸಿದ ಕಡಲೆ, ಕೊಬ್ಬರಿ ಚೂರು, ಒಣಗಿಸಿದ ರಾಗಿ ಉಂಡೆ ಎಲ್ಲಕ್ಕೂ ಹೊಂದುತ್ತದೆ.

ಎಷ್ಟು ಮೇವು ಚೆಲ್ಲಬೇಕು?

ಶುರುವಿಗೆ ಎರಡು ಹಿಡಿ. ಕಚ್ಚಲು ಶುರುವಾದ ಮೇಲೆ ಆಗಾಗ ಒಂದು ಹಿಡಿ. ಜಠರ ಇಲ್ಲದ ಮೀನು ಒಂದೇ ಸಲ ತುಂಬಿಕೊಳ್ಳದು, ಸ್ವಲ್ಪ ಸ್ವಲ್ಪವೇ ಮೇಯುತ್ತಿರುತ್ತದೆ. ಬಕೆಟ್ಟುಗಟ್ಟಲೆ ಸುರಿದರೆ ಉಳಿದದ್ದು ತಳದಲ್ಲಿ ಕೊಳೆತು ಇರುವ ಆಮ್ಲಜನಕವನ್ನೂ ತಿನ್ನುತ್ತದೆ. ಮೆಲ್ಲಗೆ ಹಾಕಿ. ಗೆಂಡೆಗಳ ಒಳಗಿವಿಗೂ ಗಾಳಿಚೀಲಕ್ಕೂ ನಡುವೆ ಸಣ್ಣ ಮೂಳೆಗಳ ಕೊಂಡಿ ಇದೆ, ಹಾಗಾಗಿ ಬಹಳ ಮೀನುಗಳಿಗಿಂತ ಅವುಗಳಿಗೆ ಸದ್ದು ಚೆನ್ನಾಗಿ ಕೇಳುತ್ತದೆ. ಏರಿಯ ಮೇಲೆ ಕಾಲು ಬಡಿದು ನಡೆದರೂ ಗೊತ್ತಾಗುತ್ತದೆ.

ಎರೆ ಹೆಸರಲ್ಲಿ ಏನು ಹಾಕಲೇಬಾರದು?

ಕಾರೆಕಾಯಿ ಜಜ್ಜಿ ಹಾಕುವುದು, ಬ್ಲೀಚಿಂಗ್ ಪುಡಿ, ಸಿಡಿಮದ್ದು. ಇವು ಎರೆ ಅಲ್ಲ, ಮೀನಿನ ಜೊತೆ ಕಪ್ಪೆ, ಹುಳ, ಮರಿ ಎಲ್ಲವನ್ನೂ ಕೊಲ್ಲುವ ವಿಷ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದಲೇ ಸ್ಫೋಟಕ ಮತ್ತು ವಿಷ ಬಳಸುವುದು ಅಪರಾಧ. ಉಪ್ಪುಖಾರದ ಕುರುಕಲು, ಎಣ್ಣೆ ತಿಂಡಿ ಕೂಡ ಬೇಡ. ಎರೆ ತಂದ ಪ್ಲಾಸ್ಟಿಕ್ ಕವರು, ತುಂಡಾದ ನೈಲಾನ್ ದಾರ ದಡದಲ್ಲಿ ಬಿಟ್ಟು ಬರಬೇಡಿ, ನೀರುಕಾಗೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಯಾವ ಕೆರೆಯಲ್ಲಾದರೂ ಗಾಳ ಹಾಕಬಹುದಾ?

ಇಲ್ಲ. ಬಹಳಷ್ಟು ಕೆರೆಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆ ಅಥವಾ ಪಂಚಾಯಿತಿಯಿಂದ ಯಾರಿಗಾದರೂ ಹೋಗಿರುತ್ತದೆ. ಅವರು ದುಡ್ಡು ಕೊಟ್ಟು ಮರಿ ಬಿಟ್ಟಿರುತ್ತಾರೆ. ಅವರನ್ನು ಕೇಳಿ, ಹಲವರು ಗಾಳಕ್ಕೆ ಇಷ್ಟು ಎಂದು ತೆಗೆದುಕೊಂಡು ಬಿಡುತ್ತಾರೆ. ಶೃಂಗೇರಿಯ ತುಂಗೆ, ಶಿಶಿಲದ ಕಪಿಲೆ, ರಾಮನಾಥಪುರದ ಕಾವೇರಿಯಂಥ ಮತ್ಸ್ಯಧಾಮಗಳಲ್ಲಿ ಮಾತ್ರ ಯಾರನ್ನು ಕೇಳಿಯೂ ಪ್ರಯೋಜನವಿಲ್ಲ. ಅಲ್ಲಿ ಮಂಡಕ್ಕಿ ಹಾಕಿ, ಅಷ್ಟು ದೊಡ್ಡ ಮೀನುಗಳು ಕಾಲ ಬಳಿ ಬರುವುದನ್ನು ನೋಡಿ. ಮೀನು ಯಾವುದನ್ನು ಹೇಗೆ ಎತ್ತಿಕೊಳ್ಳುತ್ತದೆ ಎಂದು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹಿಡಿದದ್ದನ್ನು ತಿನ್ನಬಹುದಾ, ಬಿಡಬೇಕಾ?

ಶುದ್ಧ ನೀರಿನ ಕೆರೆಯದ್ದಾದರೆ, ಅನುಮತಿ ಇದ್ದರೆ, ಊಟಕ್ಕೆ ಬೇಕಾದಷ್ಟು ತೆಗೆದುಕೊಳ್ಳಿ. ಕೊಳಚೆ, ಕಾರ್ಖಾನೆ ನೀರು ಸೇರುವ ಕೆರೆಯ ಮೀನು ಮನೆಗೆ ತರಬೇಡಿ. ಮಳೆಗಾಲದ ಶುರುವಿನಲ್ಲಿ ಮೊಟ್ಟೆ ತುಂಬಿದ ಹೊಟ್ಟೆ ಕಂಡರೆ ಬಿಟ್ಟುಬಿಡಿ. ಬಿಡುವಾಗ ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಒಣಗೈಯಿಂದ ಮೈಯ ಲೋಳೆ ಹೋದರೆ ಮೀನಿಗೆ ರೋಗ ತಗಲುತ್ತದೆ. ನೀರಲ್ಲಿ ನೇರ ಹಿಡಿದು, ತಾನೇ ಬಾಲ ಬೀಸಿ ಹೋಗುವವರೆಗೆ ಕಾಯಿರಿ.

ನಾನು ಹೊರದೇಶದಲ್ಲಿದ್ದೇನೆ. ಇಲ್ಲಿಯ ಗೆಂಡೆಗೆ ನಮ್ಮ ಎರೆ ನಡೆಯುತ್ತದಾ?

ನಡೆಯುತ್ತದೆ. ಭಾರತೀಯ ಅಂಗಡಿಯಲ್ಲಿ ಸಿಗುವ ಕಾಬೂಲ್ ಕಡಲೆ, ರಾಗಿ ಹಿಟ್ಟು, ಸೋಂಪು ಸಾಕು. ಅಮೆರಿಕದಲ್ಲಿ ಅಲ್ಲಿಯವರೇ ಗೋಧಿ ಅವಲಕ್ಕಿಯಂಥ ಬೆಳಗಿನ ತಿಂಡಿಗೆ ಕುಡಿಯುವ ಸಿಹಿ ಸೋಡಾ ಕಲಸಿ ಉಂಡೆ ಕಟ್ಟುತ್ತಾರೆ, ನಿಮ್ಮ ಮುದ್ದೆ ನೋಡಿ ಅವರಿಗೆ ಆಶ್ಚರ್ಯವಾಗದು. ಚಳಿ ದೇಶದಲ್ಲಿ ನೀರು ತಣ್ಣಗಾದಂತೆ ಮೀನಿನ ಜೀರ್ಣಶಕ್ತಿ ಇಳಿಯುತ್ತದೆ. ಚಳಿಗಾಲದಲ್ಲಿ ಮೇವು ಬಹಳ ಕಡಿಮೆ ಮಾಡಿ, ಒಂದೆರಡು ಜೋಳದ ಕಾಳು ಮಾತ್ರ ಕಟ್ಟಿ.

ನಿಯಮ ಮಾತ್ರ ದೇಶಕ್ಕೊಂದು ಥರ. ಇಂಗ್ಲೆಂಡಿನಲ್ಲಿ 13 ವರ್ಷ ದಾಟಿದ ಯಾರೇ ಆದರೂ ಗಾಳಕ್ಕೆ ಲೈಸೆನ್ಸ್ ಇಟ್ಟುಕೊಂಡಿರಬೇಕು, ಗೆಂಡೆಯನ್ನು ಹಿಡಿದು ಜೋಪಾನವಾಗಿ ಬಿಡುವುದು ಅಲ್ಲಿಯ ವಾಡಿಕೆ. ಆಸ್ಟ್ರೇಲಿಯಾದಲ್ಲಿ ಅದೇ ಮೀನು ನದಿಗಳನ್ನು ಹಾಳುಮಾಡುವ ಪೀಡೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹಿಡಿದ ಗೆಂಡೆಯನ್ನು ಜೀವಂತವಾಗಿ ಮತ್ತೆ ನೀರಿಗೆ ಬಿಡುವಂತಿಲ್ಲ.